ಗುಲಾಬಿ ಪುಕ್ಕದ ವರದಿ

ಸತ್ತ ಹಕ್ಕಿ ಯೂರಿಯಾ ಚೀಲದಲ್ಲಿ ಬಂದಿತ್ತು. ಚೀಲದ ಬಾಯಿಂದ ಒಂದು ಕಾಲು ಹೊರಗೆ ಚಾಚಿಕೊಂಡಿತ್ತು. ಸಪೂರ, ಉದ್ದ, ಗುಲಾಬಿ ಬಣ್ಣ. ನಮ್ಮ ಪಶು ಆಸ್ಪತ್ರೆಯ ಅಟೆಂಡರ್ ಅದನ್ನು ಕಂಡವನೇ ಹೊಸಿಲು ದಾಟಿ ಅಂಗಳಕ್ಕೆ ಹಾರಿದ.

"ಮೇಡಮ್ನೋರೆ, ನಾನಂತೂ ಮುಟ್ಟಾಕಿಲ್ಲ. ಟೀವಿಲಿ ತೋರುಸ್ತಾವ್ರೆ, ಕೋಳಿ ಜ್ವರ ಅಂತೆ. ನಂಗೆ ಎಂಡ್ರು ಮಕ್ಕಳವ್ರೆ."

"ನನಗೆ ಗಂಡ ಮಕ್ಕಳಿಲ್ಲವೇನಯ್ಯ? ಗ್ಲೌಸ್ ತಗೊಂಡು ಬಾ" ಎಂದೆ. ತಂದ. ತಂದು ಬಾಗಿಲಾಚೆ ನಿಂತು ನನ್ನತ್ತ ಎಸೆದ.

ಚೀಲ ಹೊತ್ತು ತಂದವನು ಕೆರೆಯ ನೀರುಗಂಟಿ. ಅವನಿಗೆ ಜ್ವರದ ಭಯವಿರಲಿಲ್ಲ, ಹಕ್ಕಿಗಳ ಮೇಲೆ ಮರುಕವಿತ್ತು. "ಇನ್ನೂ ಬಿದ್ದವೆ ಕಣ್ರವ್ವ. ಕತ್ತು ಮುರ್ಕಂಡಂಗೆ ಕೆಸರಲ್ಲಿ ಬಿದ್ದವೆ. ಒಂದು ಜೀವ ಐತೆ, ಎದ್ದೇಳಕ್ಕೆ ಆಯ್ತಿಲ್ಲ" ಎಂದ.

ಗಾವಡಗೆರೆಯಿಂದಾಚೆ, ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವಂಥ ಊರಿನಲ್ಲಿತ್ತು ನನ್ನ ಆಸ್ಪತ್ರೆ. ಹಸುವಿಗೆ ಇಂಜೆಕ್ಷನ್, ಕಾಲುಬಾಯಿ ಜ್ವರಕ್ಕೆ ಲಸಿಕೆ, ಕರು ಅಡ್ಡ ಬಂದರೆ ಮೊಣಕೈವರೆಗೆ ಕೈ ಹಾಕಿ ಎಳೆಯುವುದು, ಇದು ನನ್ನ ಕೆಲಸ. ಫ್ಲೆಮಿಂಗೋ ಎನ್ನುವ ಈ ರಾಜಹಂಸವನ್ನು ನಾನು ಕಾಲೇಜಿನ ಪುಸ್ತಕದಲ್ಲಿ ನೋಡಿದ್ದು ಬಿಟ್ಟರೆ ಕಣ್ಣಾರೆ ಕಂಡಿದ್ದು ಆ ವರ್ಷವೇ. ಸಂಕ್ರಾಂತಿ ಕಳೆದು ಕೆರೆ ಅರ್ಧ ಬತ್ತಿ ಕೆಸರು ಬಯಲಾಗಿದ್ದಾಗ, ಗುಜರಾತಿನ ಉಪ್ಪು ನೆಲದ ಹಕ್ಕಿಗಳು ಅದೇನು ದಾರಿ ತಪ್ಪಿದವೋ, ನಮ್ಮ ಕೆರೆಗೆ ಬಂದಿಳಿದವು. ಊರಿಗೆ ಊರೇ ಏರಿ ಮೇಲೆ ನಿಂತು ನೋಡಿತು. ಹೆಂಗಸರು ಮಕ್ಕಳಿಗೆ ತೋರಿಸಿ ತುತ್ತು ತಿನ್ನಿಸಿದರು. ತಲೆಯನ್ನು ಬುಡಮೇಲು ಮಾಡಿ ಕೊಕ್ಕನ್ನು ಕೆಸರಿಗಿಟ್ಟು, ಕಾಲಲ್ಲಿ ತುಳಿ ತುಳಿದು ಕಲಕಿ, ಆ ರಾಡಿಯನ್ನು ಸೋಸಿ ತಿನ್ನುವ ಹಕ್ಕಿ ಅದು. ಅದು ತಿನ್ನುವ ರೀತಿಯೇ ಅದಕ್ಕೆ ಮುಳುವಾಯಿತು.

ಆಸ್ಪತ್ರೆಯ ಹಿಂದಿನ ಹೊಂಗೆ ಮರದ ಕೆಳಗೆ ಗೋಣಿ ಹಾಸಿ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಪೋಸ್ಟ್‌ಮಾರ್ಟಂ ಮಾಡಿದೆ. ಪುಕ್ಕ ನೋಡಿದರೆ ಹಕ್ಕಿ ಸತ್ತಿದೆ ಎನ್ನುವ ಹಾಗೇ ಇರಲಿಲ್ಲ. ರೆಕ್ಕೆ ಬಿಡಿಸಿದರೆ ಅಡಿಯಲ್ಲಿ ಕೆಂಪು ಇನ್ನೂ ಗಾಢ. ಆದರೆ ಪುಕ್ಕ ಸರಿಸಿ ಮೈ ಮುಟ್ಟಿದರೆ ಎದೆಮೂಳೆ ಕೈಗೆ ಚುಚ್ಚುತ್ತಿತ್ತು. ಮಾಂಸವೆಲ್ಲ ಕರಗಿ ಹೋಗಿತ್ತು. ಹಿಂಭಾಗದ ಪುಕ್ಕಕ್ಕೆ ಹಸಿರು ಭೇದಿ ಮೆತ್ತಿತ್ತು. ಪಿತ್ತಕೋಶ ಊದಿಕೊಂಡಿತ್ತು. ಜ್ವರಕ್ಕೆ ಸತ್ತ ಹಕ್ಕಿ ಹೀಗೆ ಬಡಕಲಾಗುವುದಿಲ್ಲ, ಅಷ್ಟು ಪುರಸೊತ್ತು ಅದಕ್ಕೆ ಇರುವುದಿಲ್ಲ. ಇದು ನಿಧಾನವಾಗಿ ಸತ್ತ ಹಕ್ಕಿ.

ಹಕ್ಕಿಗೆ ಹಲ್ಲಿಲ್ಲ, ಅದರ ಬದಲು ಹೊಟ್ಟೆಯೊಳಗೊಂದು ಗಟ್ಟಿ ಮಾಂಸದ ಚೀಲವಿದೆ. ಮರಳು, ಸಣ್ಣ ಕಲ್ಲು ನುಂಗಿ ಅದರಲ್ಲಿಟ್ಟುಕೊಂಡು ತಿಂದದ್ದನ್ನು ಅರೆಯುತ್ತದೆ. ಆ ಚೀಲವನ್ನು ಸೀಳಿದೆ. ಒಳಪದರ ಕಡು ಹಸಿರಿಗೆ ತಿರುಗಿತ್ತು. ಮರಳಿನ ನಡುವೆ ಬೂದು ಬಣ್ಣದ ಚೂರುಗಳು. ಒಂದನ್ನು ತೊಳೆದು ಬ್ಲೇಡಿನಲ್ಲಿ ಕೆರೆದರೆ ಬೆಳ್ಳಗೆ ಹೊಳೆಯಿತು. ಉಗುರು ಒತ್ತಿದರೆ ತಗ್ಗು ಬಿತ್ತು. ಕಾಗದದ ಮೇಲೆ ಎಳೆದೆ, ಪೆನ್ಸಿಲ್ಲಿನಂತೆ ಗೀರು ಮೂಡಿತು.

ಸೀಸ. ನೀರುಗಂಟಿಗೆ ತೋರಿಸಿದೆ. ನೋಡಿದವನೇ, "ಇದು ಬಲೆ ಮುಳುಗ್ಲಿ ಅಂತ ಕಟ್ಟೋ ಗುಂಡಿನ ಚೂರಲ್ವಾ? ಆ ತೂಬಿನ ಹತ್ರ ಮೀನಿನೋರ ಮನೇಲಿ ಉಯ್ತಾರಲ್ಲ" ಎಂದ.

ಪಿತ್ತಜನಕಾಂಗ, ಮೂತ್ರಪಿಂಡ ಕತ್ತರಿಸಿ ಡಬ್ಬಿಗೆ ಹಾಕಿ, ಲಸಿಕೆ ಇಡುವ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟೆ. ಸೀಸದ ಚೂರುಗಳನ್ನು ಬೆಂಕಿಪೊಟ್ಟಣಕ್ಕೆ ಹಾಕಿ ಬ್ಯಾಗಿಗಿಟ್ಟುಕೊಂಡು ಕೆರೆಗೆ ನಡೆದೆ.

ತೂಬಿನ ಪಕ್ಕದ ಮನೆ. ಹಿತ್ತಿಲು ಕೆರೆಗೇ ಇಳಿಯುತ್ತದೆ. ಲಾರಿ, ಟ್ರ್ಯಾಕ್ಟರಿನ ಹಳೇ ಬ್ಯಾಟರಿಗಳನ್ನು ಹುಣಸೂರಿನ ಗುಜರಿಯಿಂದ ತಂದು, ಒಡೆದು, ಒಳಗಿನ ಪ್ಲೇಟುಗಳನ್ನು ಕೆರೆಯ ನೀರಿನಲ್ಲೇ ತೊಳೆದು ಗುಡ್ಡೆ ಹಾಕಿದ್ದರು. ಮೂರು ಕಲ್ಲಿನ ಒಲೆ, ಅದರ ಮೇಲೆ ಕಬ್ಬಿಣದ ಬಾಂಡ್ಲಿ. ಕರಗಿದ ಸೀಸದ ಮೇಲೆ ತೇಲುವ ಕಿಟ್ಟವನ್ನು ಕೆರೆದು ಕೆಸರಿಗೇ ಎಸೆಯುತ್ತಿದ್ದರು. ಅದೇ ಕೆಸರಿನಲ್ಲಿ ಬದುಕಿದ್ದ ಹಂಸಗಳು ತಲೆ ಬುಡಮೇಲು ಮಾಡಿಕೊಂಡು ಸೋಸುತ್ತಿದ್ದವು. ನನಗೆ ಅಷ್ಟು ಸಾಕಿತ್ತು. ಕಣ್ಣಿದ್ದವರಿಗೆ ಯಾರಿಗಾದರೂ ಅಷ್ಟು ಸಾಕಿತ್ತು.

ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಸೌಟಿನಲ್ಲಿ ಸೀಸ ಮೊಗೆದು ಮಣ್ಣಿನ ಅಚ್ಚಿಗೆ ಹುಯ್ಯುತ್ತಿದ್ದವಳು ಆ ಮನೆಯ ಸೊಸೆ. ಹೊಟ್ಟೆ ಎದ್ದು ಕಾಣುತ್ತಿತ್ತು. ಹೊಗೆ ಮುಖಕ್ಕೆ ಬಡಿದಾಗ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು, ಅಷ್ಟೆ. ಪಕ್ಕದಲ್ಲಿ ಅವಳ ಅತ್ತೆ ಬಲೆ ಹೆಣೆಯುತ್ತ ಕೂತಿದ್ದಳು.

ನನಗೆ ಹಕ್ಕಿ ಮರೆತೇಹೋಯಿತು. "ಇದೇನಮ್ಮ ಇದು, ಬಸುರಿ ಕೈಲಿ ಈ ಕೆಲಸ ಮಾಡಿಸ್ತಾ ಕೂತಿದ್ದೀರಲ್ಲ! ಬೇರೆ ಯಾರೂ ಇಲ್ವೇ ಮನೇಲಿ?"

ಅತ್ತೆ ಬಲೆಯಿಂದ ಕಣ್ಣೆತ್ತಿದಳು. "ಬಸ್ರಿ ಕೈಲೇ ಉಯ್ಬೇಕು ಕಣ್ರವ್ವ. ಒಟ್ಟೆ ತುಂಬಿರೋಳು ಉಯ್ದ ಗುಂಡು ಕಟ್ಟುದ್ರೆ ಬಲೆ ತುಂಬ್ಕಂಡು ಬತ್ತದೆ. ನಮ್ಮತ್ತೆ ಕಾಲದಿಂದ್ಲೂ ಇಂಗೇಯ. ನಾನೂ ಉಯ್ದಿವ್ನಿ. ನನ್ ಮಗ ಗುಂಡ್ಕಲ್ಲಂಗೆ ಉಟ್ಟಿಲ್ವಾ?"

ಕೇಳಿ ಕೇಳಿ ತಿಳಿದುಕೊಂಡೆ. ಎಲ್ಲ ಮೀನಿನವರಲ್ಲೂ ಇಂಥದ್ದಿಲ್ಲ. ಪೇಟೆಯಲ್ಲಿ ಗುಂಡು ಕೊಂಡು ಕಟ್ಟಿಕೊಳ್ಳುವವರೇ ಹೆಚ್ಚು. ಈ ಮನೆಯ ಬಸುರಿ ಗುಂಡಿಗೆ ಮಾತ್ರ ಹೆಸರು. ಮನೆಯಲ್ಲಿ ಹೆಣ್ಣುಮಗಳು ಬಸುರಾದ ಸುದ್ದಿ ಹೇಗೋ ಹರಡುತ್ತದೆ. ಪಿರಿಯಾಪಟ್ಟಣದ ಕಡೆಯಿಂದ, ಹೊಸ ಅಗ್ರಹಾರದಿಂದ, ಚುಂಚನಕಟ್ಟೆಯಿಂದ ಜನ ಸೀಸ ಕಟ್ಟಿಕೊಂಡು ಬರುತ್ತಾರೆ. ಹಿಂದಿನ ಕಾಲದಲ್ಲಿ ಮನೆಗೊಂದು ಬಲೆ, ವರ್ಷಕ್ಕೊಂದು ಸಲ ಹಿಡಿಯಷ್ಟು ಸೀಸ ಹುಯ್ಯುತ್ತಿದ್ದರೇನೋ. ಆಗ ಅತ್ತೆ ಬಚಾವಾದಳು. ಈಗ ಗುಜರಿಯಲ್ಲಿ ಬ್ಯಾಟರಿ ಬೇಕಾದಷ್ಟು ಸಿಗುತ್ತದೆ, ಎಲ್ಲರಿಗೂ ನೈಲಾನ್ ಬಲೆ, ಎಲ್ಲರಿಗೂ ಈ ಸೊಸೆಯ ಕೈಗುಂಡೇ ಬೇಕು. ಬಸುರು ಬೆಳೆದಷ್ಟೂ ಸೀಸ ಹೆಚ್ಚು ಬರುತ್ತದೆ.

ಸೊಸೆ ಎಚ್.ಡಿ. ಕೋಟೆ ಕಡೆಯವಳು. ಎದ್ದು ನಿಂತು ನಕ್ಕಳು. ವಸಡಿನ ಅಂಚಿಗೆ, ಹಲ್ಲು ಹುಟ್ಟುವಲ್ಲಿ, ನೀಲಿಗಪ್ಪು ಗೆರೆ. ನಾನು ದನದ ಡಾಕ್ಟರೇ ಇರಬಹುದು, ಆದರೆ ಅದು ಸೀಸದ ಗೆರೆ, ಆ ವಿಷ ದನಕ್ಕೂ ಒಂದೇ ಮನುಷ್ಯರಿಗೂ ಒಂದೇ. ಕಣ್ಣಿನ ರೆಪ್ಪೆ ಎಳೆದು ನೋಡಿದೆ, ಸುಣ್ಣದಷ್ಟು ಬಿಳಿ.

"ಹೊಟ್ಟೆ ನೋವು ಬರುತ್ತೇನಮ್ಮ?"

"ಇಂಡಿದಂಗೆ ಬತ್ತದೆ ಕಣ್ರವ್ವ. ಬಾಯೆಲ್ಲಾ ಒಂಥರಾ ಸಿಹಿ ಸಿಹಿ. ಸೌಟು ಇಡಿದ್ರೆ ಕೈ ಸೋತು ಬಿದ್ದೋಯ್ತದೆ."

"ಇದು ಮೊದಲನೇದಾ?"

ಅತ್ತೆಯೇ ಹೇಳಿದಳು, ದನಿ ತಗ್ಗಿಸಿ. "ಎಲ್ಡು ಓಯ್ತು. ಕೈಗೆ ಬರೋ ಒತ್ಗೆ ಓಯ್ತು. ಇದಾದ್ರೂ ನಿಲ್ಲಲಿ ಅಂತ ಅಮ್ಮನ್ಗೆ ಅರಕೆ ಕಟ್ಟಿವ್ನಿ."

ನನ್ನ ಮೈಯೆಲ್ಲ ಉರಿದುಹೋಯಿತು. ಬೆಂಕಿಪೊಟ್ಟಣ ತೆಗೆದು ತೋರಿಸಿದೆ. ಹಂಸ ಸತ್ತಿದ್ದು ಇದರಿಂದ, ನಿಮ್ಮ ಮನೆಯ ಕೂಸು ಹೋಗಿದ್ದೂ ಇದರಿಂದಲೇ, ಇವತ್ತೇ ನಿಲ್ಲಿಸಿ ಎಂದೆ. ನನ್ನ ಬಾಯಿ ಸ್ವಲ್ಪ ಜೋರು. ಅತ್ತೆಗೆ ರೇಗಿತು.

"ಮೀನಿನ ಒಟ್ಟೇಲೂ ಗುಂಡು ಸಿಕ್ತದೆ, ಅದೇನ್ ಸತ್ತದಾ? ದನಿನ್ ಡಾಕ್ಟ್ರು ದನ ನೋಡ್ಕಳಿ ಕಣ್ರವ್ವ. ನಿಮ್ ಮಾತು ಕೇಳ್ಕಂಡು, ದೂರದಿಂದ ಬಂದೋರ್ನ ಇಲ್ಲ ಅಂತ ಕಳುಸ್ಲಾ? ಸರ್ಕಾರದ್ ಕಾಗ್ದ ತಂದು ತೋರ್ಸಿ, ಇದ್ರಲ್ಲಿ ಇಸ ಐತೆ ಅಂತ. ಅವತ್ತೇ ಬುಡ್ತೀವಿ."

ಮರುದಿನ ಹುಣಸೂರಿಗೆ ಹೋಗಿ ಅಲ್ಲಿಯ ಹೆರಿಗೆ ಡಾಕ್ಟರನ್ನು ಕಂಡೆ. ಕೆಟ್ಟ ಮನುಷ್ಯನಲ್ಲ. ಹೊರಗೆ ಬಸುರಿಯರ ಸಾಲು ಗೇಟಿನವರೆಗೂ ಇತ್ತು. "ರಕ್ತ ಕಮ್ಮಿ ಮೇಡಂ, ಈ ಕಡೆ ಎಲ್ಲರಿಗೂ ಕಮ್ಮಿ. ಕಬ್ಬಿಣದ ಮಾತ್ರೆ ಕೊಟ್ಟಿದ್ದೀನಿ" ಎಂದ. ಸೀಸದ ಪರೀಕ್ಷೆ ಇಲ್ಲಿಲ್ಲ, ರಕ್ತ ಬೆಂಗಳೂರಿಗೆ ಹೋಗಬೇಕು, ಯಾವ ಆಧಾರದ ಮೇಲೆ ಬರೆಯಲಿ ಎಂದ. "ನಿಮ್ಮ ಹಕ್ಕಿಯ ರಿಪೋರ್ಟಿನಲ್ಲಿ ಸೀಸ ಅಂತ ಬರಲಿ. ಅದನ್ನ ಲಗತ್ತಿಸಿ ನಾನೇ ಬರೀತೀನಿ." ಹೀಗೆ ಅತ್ತೆಗೂ ಕಾಗದವೇ ಬೇಕು, ಡಾಕ್ಟರಿಗೂ ಕಾಗದವೇ ಬೇಕು. ಸರಿ, ತರೋಣ ಎಂದುಕೊಂಡೆ. ಫ್ರಿಜ್ಜಿನಲ್ಲಿ ಡಬ್ಬಿ ಇತ್ತಲ್ಲ, ಆ ಧೈರ್ಯ.

ಆದರೆ ಡಬ್ಬಿಯನ್ನು ಹಾಗೆಲ್ಲ ಕಳಿಸುವಂತಿರಲಿಲ್ಲ. ಹಕ್ಕಿ ಸತ್ತರೆ ಮೊದಲು ಮೇಲಕ್ಕೆ ವರದಿ ಮಾಡಬೇಕು ಎಂದು ಸುತ್ತೋಲೆ ಬಂದಿತ್ತು. ಮೈಸೂರಿನಲ್ಲಿದ್ದ ನಮ್ಮ ಸಾಹೇಬರಿಗೆ ಫೋನು ಮಾಡಿದೆ. ಸೀಸ ಎಂದೆ, ಚೂರು ಸಿಕ್ಕಿದೆ ಎಂದೆ. ಅವರ ಕಿವಿಗೆ ಬಿದ್ದದ್ದು 'ಸತ್ತ ಹಕ್ಕಿ' ಎನ್ನುವುದಷ್ಟೇ. "ಏನೂ ಮುಟ್ಟಬೇಡಿ! ಎಲ್ಲೂ ಏನೂ ಕಳಿಸಬೇಡಿ! ಟೀಮ್ ಬರುತ್ತೆ" ಎಂದರು.

ಟೀಮ್ ಬರುವವರೆಗೆ ನಾನು ಸುಮ್ಮನೆ ಕೂರಲಿಲ್ಲ. ಜೀವವಿದ್ದ ಆ ಒಂದು ಹಂಸವನ್ನು ನೀರುಗಂಟಿಯೂ ನಾನೂ ಕಂಬಳಿಯಲ್ಲಿ ಸುತ್ತಿ ತಂದು, ಆಸ್ಪತ್ರೆಯ ಪಕ್ಕದಲ್ಲಿ ಖಾಲಿ ಬಿದ್ದಿದ್ದ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಹುಲ್ಲು ಹಾಸಿ ಮಲಗಿಸಿದೆವು. ಗಂಟಲಿಗೆ ಸಪೂರ ಟ್ಯೂಬ್ ಇಳಿಸಿ ಬೆಚ್ಚಗಿನ ನೀರು ಬಿಟ್ಟು, ತಲೆ ಕೆಳಗೆ ಮಾಡಿ ಹಿಡಿದು ಹೊಟ್ಟೆ ತೊಳೆದೆವು. ಮರಳಿನ ಜೊತೆ ಬೂದು ಚೂರುಗಳು ಬಂದವು. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಹಾಕುವ ಇಂಜೆಕ್ಷನ್ನನ್ನು ಮೈಸೂರಿನ ಔಷಧಿ ಅಂಗಡಿಗಳಲ್ಲಿ ಹುಡುಕಾಡಿ ತರಿಸಿದೆ. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಚುಚ್ಚಿದೆ. ಅದಕ್ಕೆ ತಿನ್ನಿಸುವುದೇನು ಎನ್ನುವುದು ಇನ್ನೊಂದು ಫಜೀತಿ.

ಅದಕ್ಕೆ ದಾರಿ ತೋರಿದವಳು ಆ ಸೊಸೆ. ಹಕ್ಕಿ ನೋಡಲೆಂದು ಬಂದಳು. ಹಂಸಕ್ಕೆ ಈ ಬಣ್ಣ ಬರುವುದು ತಿನ್ನುವ ಸಣ್ಣ ಸೀಗಡಿಯಿಂದ, ಪಾಚಿಯಿಂದ ಎಂದು ನಾನು ಹೇಳಿದಾಗ ಅವಳಿಗೆ ನಗು ಬಂತು. "ತಿಂದದ್ದೆಲ್ಲಾ ಮೈಗೆ ಬಣ್ಣ ಆಯ್ತದಾ?"

"ಮನೆ ಕೋಳಿ ಮೊಟ್ಟೆ ಒಡೆದರೆ ಒಳಗೆ ಕೆಂಪಗಿರುತ್ತೆ. ಸೊಪ್ಪು ಸದೆ ತಿನ್ನದೆ ಕೂಡಿಹಾಕಿದ ಕೋಳಿ ಮೊಟ್ಟೆ ಬಿಳಿಚಿಕೊಂಡಿರುತ್ತೆ. ಹೌದೋ ಅಲ್ವೋ? ಅದೇ ಲೆಕ್ಕ" ಎಂದೆ.

ಮಾರನೇ ದಿನ ಮನೆಯಿಂದ ಒಣ ಸೀಗಡಿ ಕಟ್ಟಿಕೊಂಡು ಬಂದಳು. ಕುಟ್ಟಿ ಪುಡಿ ಮಾಡಿ ತೆಳು ರಾಗಿ ಅಂಬಲಿಯಲ್ಲಿ ಕಲಸಿ ಟ್ಯೂಬಿನಲ್ಲಿ ಇಳಿಸಿದೆವು. ದಿನಾ ಬಂದಳು. ಹಕ್ಕಿಯ ಕತ್ತನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಹಾಗೆ ಕೂತಾಗ ಒಂದು ಮಾತು ಹೇಳಿದಳು. "ಬಸ್ರಿ ಆದಾಗ್ಲೇ ಕಣ್ರವ್ವ ನಾನು ಆ ಮನೆಗೆ ಬೇಕಾಗದು. ಸೀಸ ತಂದೋರು ನಂಗೇ ಅಂತ ಬಳೆ, ಊವ, ಎಲೆ ಅಡಿಕೆ ತಂದು ಕೊಟ್ಟು, ಒಸಿ ಉಯ್ದು ಕೊಡವ್ವ ಅಂತ ಕೈ ಮುಗೀತಾರೆ. ಬಸ್ರು ಓದ್ಮ್ಯಾಲೆ ಅದೇ ಜನ ಎದ್ರುಗೆ ಬಂದ್ರೆ ಬೇರೆ ದಾರಿ ಇಡೀತಾರೆ." ಅವಳ ಬೆನ್ನು ಸವರಿದೆ.

ಒಂದು ಬೆಳಿಗ್ಗೆ ಬ್ಯಾರನ್ನಿನ ಬಾಗಿಲು ತೆಗೆದರೆ ಹಂಸ ಎದ್ದು ನಿಂತಿತ್ತು. ಕತ್ತು ನೆಟ್ಟಗಿತ್ತು. ಸೊಸೆ ಹತ್ತಿರ ಹೋಗಿ ಅದರ ಕತ್ತು ಸವರಿದಳು. ಆಮೇಲೆ ಕೇಳಿದಳು. "ಸೀಸ ತಗೆಯೋ ಸೂಜಿ ಚುಚ್ಚಿದ್ಕೇ ಎದ್ದದ್ದಲ್ವಾ ಇದು?"

"ಅದಕ್ಕೇ ಎದ್ದಿದ್ದು."

"ಅಂಗಾದ್ರೆ ನಾನು ಸೌಟು ಮುಟ್ಟಾಕಿಲ್ಲ. ಯಾರು ಬೇಕಾದ್ರೂ ಬರ್ಲಿ."

ಅವಳು ಹೇಳಿದ ಹಾಗೇ ಮಾಡಿದಳು. ಅತ್ತೆ ಕೂಗಾಡಿದಳು, ಗಂಡ ಮುಖ ಊದಿಸಿಕೊಂಡ. ಆದರೆ ತುಂಬಿದ ಬಸುರಿಯ ಮಾತನ್ನು ತಳ್ಳಬಾರದು ಎನ್ನುವ ನಂಬಿಕೆಯೂ ಆ ಮನೆಯಲ್ಲಿತ್ತಲ್ಲ, ಅದು ಕೈಹಿಡಿಯಿತು. ಅತ್ತೆಯೇ ನನ್ನ ಹತ್ತಿರ ಬಂದು ಹೇಳಿದಳು. "ಆಯ್ತು ಬುಡಿ. ಕಾಗ್ದ ಬರೋಗಂಟ ನಿಲ್ಸಿವ್ನಿ. ಬಂದೋರ್ಗೆಲ್ಲಾ ಬುಟ್ಟೋಗಿ, ಆಮ್ಯಾಲೆ ನೋಡನ ಅಂದಿವ್ನಿ." ಹಿತ್ತಿಲಲ್ಲಿ ಬೇರೆ ಊರಿನವರ ಸೀಸದ ಮೂಟೆಗಳು ಕಾಯುತ್ತಾ ಕೂತವು.

ನಾನು ಆ ಕೆಲಸದಲ್ಲಿ ಸಂತೋಷವಾಗಿದ್ದದ್ದು ಆ ದಿನಗಳಲ್ಲಿ ಮಾತ್ರ.

ಟೀಮ್ ಬಂತು. ಜೀಪುಗಳು, ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ತೊಟ್ಟವರು, ಹಿಂದೆ ಸಾಹೇಬರು. ಊರಿನ ಹೆಂಗಸರು ಕೋಳಿಗಳನ್ನು ಮಂಕರಿ ಕೆಳಗೆ ಬಚ್ಚಿಟ್ಟರು. ಸತ್ತ ಹಕ್ಕಿಗಳ ಗಂಟಲಿನಿಂದ ಹತ್ತಿಯಲ್ಲಿ ಒರೆಸಿ ಮಾದರಿ ತೆಗೆದುಕೊಂಡರು. ಅದು ಸರಿಯೇ, ಅವರ ಕೆಲಸ ಅದು. ಆಮೇಲೆ ಬ್ಯಾರನ್ನಿನ ಕಡೆ ತಿರುಗಿದರು.

"ಸರ್, ಇದು ಚೇತರಿಸಿಕೊಳ್ತಾ ಇದೆ. ಜ್ವರದ ಹಕ್ಕಿ ಅಲ್ಲ ಇದು. ಫಲಿತಾಂಶ ಬರೋವರೆಗೆ ಬೀಗ ಹಾಕಿಡ್ತೀನಿ, ಯಾರನ್ನೂ ಬಿಡಲ್ಲ" ಎಂದೆ.

"ನೋಡೀಮ್ಮ, ನಾಳೆ ಜ್ವರ ಅಂತ ಬಂದರೆ ಪೇಪರಿನವರು ನನ್ನ ಹೆಸರು ಬರೀತಾರೆ, ನಿಮ್ಮದಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಿಂತಿದ್ದ ಹಕ್ಕಿಯ ಕತ್ತು ಮುರಿದರು. ಸತ್ತ ಹಕ್ಕಿಗಳನ್ನೂ ಫ್ರಿಜ್ಜಿನಲ್ಲಿದ್ದ ನನ್ನ ಡಬ್ಬಿಯನ್ನೂ ಅದರೊಂದಿಗೆ ಗುಂಡಿಗೆ ಹಾಕಿ, ಸೀಮೆಎಣ್ಣೆ ಸುರಿದು ಸುಟ್ಟು, ಸುಣ್ಣ ಹಾಕಿ ಮುಚ್ಚಿದರು. ನಾನು ಡಬ್ಬಿಗೆ ಅಡ್ಡ ನಿಂತೆ, ಕೂಗಿದೆ. ನಾಚಿಕೆ ಬಿಟ್ಟು ಅತ್ತುಬಿಟ್ಟೆ ಕೂಡ. ಅಟೆಂಡರ್ ತಲೆ ತಗ್ಗಿಸಿಕೊಂಡು ಡಬ್ಬಿ ಎತ್ತಿ ಕೊಟ್ಟ. ಅವನದೇನು ತಪ್ಪು, ಆಜ್ಞೆ ಕೊಟ್ಟವರು ಎದುರಿಗೇ ನಿಂತಿದ್ದರು. ಕೆರೆಯಲ್ಲಿ ಉಳಿದಿದ್ದ ಹಂಸಗಳು ಗದ್ದಲಕ್ಕೆ ಎದ್ದು ಹಾರಿಹೋದವು, ಮತ್ತೆ ಬರಲಿಲ್ಲ.

ಫಲಿತಾಂಶ ಬಂತು. ಜ್ವರವಿಲ್ಲ. ಸಾಹೇಬರಿಗೆ ಜೀವ ಬಂದಂತಾಯಿತು. ನಾನು ಮೈಸೂರಿಗೆ ಹೋಗಿ ಅವರ ಮೇಜಿನ ಮೇಲೆ ಬೆಂಕಿಪೊಟ್ಟಣ ಇಟ್ಟೆ. "ಸರ್, ಜ್ವರ ಇಲ್ಲದಿದ್ದರೆ ಸತ್ತಿದ್ದು ಯಾತರಿಂದ? ಇದನ್ನ ಪರೀಕ್ಷೆಗೆ ಕಳಿಸಿ."

"ಕೆರೆಯಲ್ಲಿ ಬಲೆ ಗುಂಡು ಇರೋದೇ. ಹಕ್ಕಿ ಕಲ್ಲು ನುಂಗೋ ಹಾಗೆ ಅದನ್ನೂ ನುಂಗಿದೆ. ಅದರಿಂದಲೇ ಸತ್ತಿತು ಅನ್ನೋಕೆ ದೇಹದೊಳಗೆ ಸೀಸ ಹೋಗಿದೆ ಅಂತ ತೋರಿಸಬೇಕು." ಇದು ಸರಿಯಾದ ಮಾತೇ. ಅದನ್ನು ತೋರಿಸುವ ಡಬ್ಬಿ ಸುಟ್ಟವರು ಯಾರು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಡ್ರಾಯರಿನಿಂದ ಒಂದು ಕವರು ತೆಗೆದರು. ಟೀಮಿನವರು ಸತ್ತ ಹಕ್ಕಿಗಳಿಂದ ಕಿತ್ತು, ಸೋಪಿನಲ್ಲಿ ತೊಳೆದು ಒಣಗಿಸಿದ್ದ ಪುಕ್ಕಗಳು. ಮನೆಯಲ್ಲಿ ಮಕ್ಕಳಿಗೆ ತೋರಿಸಲೆಂದು ಇಟ್ಟುಕೊಂಡಿದ್ದರೋ ಏನೋ. "ಇದನ್ನ ಕಳಿಸ್ತೀನಿ. ಒಣಗಿದೆ, ಟಪಾಲಲ್ಲೇ ಹೋಗುತ್ತೆ. ನಿಮಗೂ ಸಮಾಧಾನ ಆಗಲಿ."

"ಪುಕ್ಕ ಬೇಡ ಸರ್!"

"ಯಾಕಮ್ಮ? ಪುಕ್ಕದಲ್ಲಿ ಲೋಹ ಪರೀಕ್ಷೆ ಮಾಡ್ತಾರೆ, ನಾನೂ ಓದಿದೀನಿ."

ಮಾಡುತ್ತಾರೆ. ಆದರೆ ಪುಕ್ಕ ಬೆಳೆಯುವಾಗ ಮಾತ್ರ ಅದಕ್ಕೆ ರಕ್ತ ಹರಿಯುತ್ತದೆ. ಬೆಳೆದು ಮುಗಿದ ಮೇಲೆ ಅದು ನಾವು ಕತ್ತರಿಸಿ ಬಿಸಾಡುವ ಉಗುರಿನ ತುದಿಯಂತೆ ನಿರ್ಜೀವ. ಗುಜರಾತಿನ ಉಪ್ಪು ನೀರಿನಲ್ಲಿ ಅದು ಬೆಳೆದಾಗ ಹಕ್ಕಿ ಏನು ತಿಂದಿತ್ತೋ ಆ ಸೀಗಡಿಯ ಬಣ್ಣ, ಅಲ್ಲಿಯ ಲೋಹ ಅದರಲ್ಲಿರುತ್ತದೆ. ನಮ್ಮ ಕೆರೆಗೆ ಬಂದ ಮೇಲೆ ನುಂಗಿದ ಸೀಸ ಆ ಪುಕ್ಕಕ್ಕೆ ಹೋಗುವ ದಾರಿಯೇ ಇಲ್ಲ. ಇದನ್ನೆಲ್ಲ ಹೇಳಿದೆ. ಮೇಜು ತಟ್ಟಿ ಹೇಳಿದೆ. ಸತ್ತ ಹಕ್ಕಿಯನ್ನು ಹೂತ ಜಾಗದಿಂದ ಮೂಳೆಯನ್ನಾದರೂ ತೆಗೆಯೋಣ ಎಂದೆ. ಸುಣ್ಣ ಹಾಕಿದ ಗುಂಡಿ ಅಗೆಯುವಂತಿಲ್ಲ, ನಿಯಮವಿದೆ ಎಂದರು. ಕವರಿನಿಂದ ಒಂದು ಪುಕ್ಕ ತೆಗೆದು ಬೆಳಕಿಗೆ ಹಿಡಿದು, "ನೀವೇ ನೋಡ್ರೀ ಎಷ್ಟು ಚೆನ್ನಾಗಿದೆ ಬಣ್ಣ. ವಿಷ ತಿಂದ ಹಕ್ಕಿ ಹೀಗಿರುತ್ತೇನ್ರೀ?" ಎಂದರು. ಕೋಣನ ಮುಂದೆ ಕಿನ್ನರಿ. ನಾನು ಬೇಡವೆಂದು ಬರೆದುಕೊಟ್ಟರೂ ಅವರು ತಮ್ಮ ಸಹಿ ಹಾಕಿ ಕಳಿಸಿದರು.

ವರದಿ ನನ್ನ ಕೈಗೆ ಬರುವ ಮೊದಲೇ ಊರಿಗೆ ಬಂತು. ಸಾಹೇಬರಿಗೆ ಜನರ ಭಯ ಹೋಗಲಾಡಿಸುವ ಉತ್ಸಾಹ. ಕೋಳಿ ಮಾರಾಟ ನಿಂತುಹೋಗಿದೆ, ಸುದ್ದಿ ತಲುಪಿಸಿ ಎಂದು ಮೇಲಿನಿಂದ ಹೇಳಿದ್ದರಂತೆ. ಆಟೋಗೆ ಮೈಕು ಕಟ್ಟಿ ಊರೂರು ಸಾರಿಸಿದರು. ಹಕ್ಕಿಗಳಿಗೆ ಜ್ವರವಿರಲಿಲ್ಲ, ಹಕ್ಕಿಗಳಲ್ಲಿ ಸೀಸ ಮುಂತಾದ ವಿಷದ ಲೋಹಗಳೂ ಮಿತಿ ಮೀರಿ ಇರಲಿಲ್ಲ, ಸಾರ್ವಜನಿಕರು ವದಂತಿಗೆ ಕಿವಿಗೊಡಬಾರದು. ಪಂಚಾಯಿತಿಯ ಗೋಡೆಗೆ ವರದಿಯ ಪ್ರತಿ ಅಂಟಿಸಿದ್ದರು. ಮೊಹರು ಇತ್ತು. 'ಪುಕ್ಕ' ಎಂಬ ಮಾತು ಮೇಲ್ಗಡೆ ಸಣ್ಣ ಅಕ್ಷರದಲ್ಲಿತ್ತು.

ನಾನು ಓಡಿದೆ. ಸ್ಕೂಟರ್ ನಿಲ್ಲಿಸಿ ಹಿತ್ತಿಲಿಗೆ ಹೋಗುವಷ್ಟರಲ್ಲಿ ಒಲೆ ಹತ್ತಿತ್ತು. ಸೀಸದ ಮೂಟೆ ಬಿಚ್ಚಿದ್ದರು. ಸೊಸೆ ಸೌಟು ಹಿಡಿದು ಕೂತಿದ್ದಳು. ಹೊಟ್ಟೆ ಮೊದಲಿಗಿಂತ ದೊಡ್ಡದಾಗಿತ್ತು, ಬಾಗಲು ಕಷ್ಟಪಡುತ್ತಿದ್ದಳು. ಕೈ ತುಂಬ ಹೊಸ ಬಳೆ.

"ಅದು ಪುಕ್ಕದ ವರದಿ ಕಣಮ್ಮ! ಹೊಟ್ಟೆಯದಲ್ಲ, ರಕ್ತದ್ದಲ್ಲ! ಅದು ಬೇರೆ ಸೀಮೆಯಲ್ಲಿ ಬೆಳೆದ ಪುಕ್ಕ!"

ಅವಳು ತಲೆ ಎತ್ತಲಿಲ್ಲ. ಅತ್ತೆ ಈ ಸಲ ರೇಗಲೂ ಇಲ್ಲ. ನಿಧಾನವಾಗಿ ಹೇಳಿದಳು. "ನೀವೇ ಕಾಗ್ದ ತತ್ತೀನಿ ಅಂದ್ರಿ. ನಾವು ಕಾದೊ. ಮಾತು ತಪ್ನಿಲ್ಲ ನಾವು. ಬಂದದೆ ಕಾಗ್ದ. ಇನ್ನೇನ್ ಮಾಡ್ಬೇಕು ಯೋಳಿ." ಸೊಸೆಯ ಕೈಯಿಂದ ಸೌಟು ಕಿತ್ತುಕೊಂಡೆ. ಅವಳ ಗಂಡ ನನ್ನ ಕೈಯಿಂದ ಅದನ್ನು ಮೆತ್ತಗೆ ಬಿಡಿಸಿಕೊಂಡು ಮತ್ತೆ ಅವಳ ಕೈಗೆ ಕೊಟ್ಟ.

ಸುಗ್ಗಿ ಮುಗಿದು ಬಿಸಿಲು ಏರುವ ಹೊತ್ತಿಗೆ ಏಳು ತಿಂಗಳಿಗೇ ಸೊಸೆಯ ಕೂಸು ಸತ್ತು ಹುಟ್ಟಿತು. ಗಂಡು.

ಹೆರಿಗೆ ಡಾಕ್ಟರ ಕೋಣೆಯಲ್ಲಿ ನಾನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಆ ಮನುಷ್ಯ ಎಲ್ಲ ಕೇಳಿಸಿಕೊಂಡು ತಾನೇ ಅವಳ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದ. ಈ ಸಲ ಯಾರೂ ಯಾವ ಆಧಾರವನ್ನೂ ಕೇಳಲಿಲ್ಲ. ಉತ್ತರ ಬಂತು. ದೇಹದಲ್ಲಿ ಇರಬಾರದಷ್ಟು ಸೀಸ. ಅದರ ಪ್ರತಿ ತೆಗೆದುಕೊಂಡು ಸಾಹೇಬರ ಬಳಿ ಹೋದೆ. ಓದಿದರು, ಮಡಿಸಿದರು, ವಾಪಸು ಕೊಟ್ಟರು. "ಪಾಪ. ಆದರೆ ಇದು ಮನುಷ್ಯರ ರಕ್ತ ಕಣಮ್ಮ. ನಮ್ಮ ಇಲಾಖೆಗೆ ಬರಲ್ಲ. ನಮ್ಮ ರಿಪೋರ್ಟ್ ಹಕ್ಕಿಯದು, ಅದು ಮುಗಿದಿದೆ."

ಕಾಗದ ಹಿಡಿದು ತೂಬಿನ ಮನೆಗೆ ಹೋದೆ. ಸೊಸೆ ಒಳಗೆ ಗೋಡೆ ಪಕ್ಕ ಚಾಪೆಯ ಮೇಲೆ ಮಲಗಿದ್ದಳು. ಎದೆಹಾಲು ಕಟ್ಟಿ ನೋಯುತ್ತಿದೆಯೆಂದು ಅತ್ತೆ ಬಟ್ಟೆ ಬಿಸಿ ಮಾಡಿ ಶಾಖ ಕೊಡುತ್ತಿದ್ದಳು. ಆ ಮುದುಕಿಯ ಕಣ್ಣೂ ಊದಿತ್ತು. ನಾನು ಪಕ್ಕದಲ್ಲಿ ಕೂತು ವರದಿಯನ್ನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅತ್ತೆ ಕಾಗದವನ್ನು ತೆಗೆದುಕೊಂಡು, ಓದಲು ಬಾರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮೊಹರಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಆವತ್ತಿನ್ ಕಾಗ್ದಕ್ಕೂ ಇಂಗೇ ಮೊಹರಿತ್ತಲ್ಲವ್ವ. ಅದ್ರಲ್ಲಿ ಸೀಸ ಇಲ್ಲ ಅಂತು, ಇದ್ರಲ್ಲಿ ಐತೆ ಅಂತದೆ. ನಾನು ಯಾವ್ದ ನಂಬ್ಲಿ ಯೋಳಿ?"

"ಅದು ಹಕ್ಕಿ ಪುಕ್ಕದ್ದು. ಇದು ನಿನ್ನ ಸೊಸೆ ರಕ್ತದ್ದು ಕಣವ್ವ. ಇವಳದ್ದು. ಇಲ್ಲಿ ಮಲಗಿದಾಳಲ್ಲ, ಇವಳದ್ದು." ಅವಳು ಸೊಸೆಯ ಕಡೆ ನೋಡಿದಳು. ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಟ್ಟಿತು, ಕೊನೆಗೂ ತಟ್ಟಿತು ಎಂದುಕೊಂಡೆ.

ಆಗ ಹೊರಗೆ ಮೋಟಾರ್ ಬೈಕು ನಿಂತಿತು. ಚುಂಚನಕಟ್ಟೆ ಕಡೆಯವರಿಬ್ಬರು, ಹಿಂದೆ ಸೀಸದ ಮೂಟೆ, ಕೈಯಲ್ಲಿ ಹೂವು, ಎಲೆ ಅಡಿಕೆ. ಸುದ್ದಿ ಅವರಿಗಿನ್ನೂ ತಲುಪಿರಲಿಲ್ಲ. "ಸೊಸೆ ತುಂಬಿದ ಬಸ್ರಿ ಅಂತಲ್ಲವ್ವ. ಒಸ ಬಲೆಗೆ ಗುಂಡು ಉಯ್ಸನ ಅಂತ ಬಂದೊ" ಎಂದು ಅಂಗಳದಿಂದ ಕೂಗಿದರು.

ಸೊಸೆ ಮಗ್ಗುಲು ತಿರುಗಿ ಗೋಡೆಗೆ ಮುಖ ಮಾಡಿದಳು. ಅತ್ತೆ ಎದ್ದು, ಕಣ್ಣೊರೆಸಿಕೊಂಡು, ಹೊಸಿಲಿನವರೆಗೆ ಹೋಗಿ ನಿಂತಳು.

"ಈಗಿಲ್ಲ ಕಣಪ್ಪ" ಎಂದಳು. "ಬರೋ ವರ್ಸ ಬನ್ನಿ."